ಭೂ ಪರಿವರ್ತನೆ ಅರ್ಜಿ ಮೂರು ಸಲ ವಾಪಸ್ ಬಂದಿತ್ತು: ನಾನು ಸರಿಮಾಡಿದ್ದು ಹೀಗೆ

ನಮ್ಮದು 1 ಎಕರೆ 20 ಗುಂಟೆ ಕೃಷಿ ಜಮೀನು. ಅಣ್ಣತಮ್ಮಂದಿರ ಜಂಟಿ ಖಾತೆ. ಅದರಲ್ಲಿ 20 ಗುಂಟೆಯನ್ನು ಮಾತ್ರ ವಸತಿಗೆ ಪರಿವರ್ತಿಸಬೇಕಿತ್ತು. ಆನ್‌ಲೈನ್ ಅರ್ಜಿ ಪ್ರತಿ ಸಲ ವಾಪಸ್, ಕಾರಣ ಒಂದೇ ಸಾಲು: 'ದಾಖಲೆ ತಾಳೆಯಾಗುತ್ತಿಲ್ಲ'.

ಅಫಿಡವಿಟ್ಟನ್ನು ಮತ್ತೆ ಮಾಡಿಸಿ ಹಾಕಿದೆ, ಆಗಲಿಲ್ಲ. ಅಪ್ಪನ ಕಾಲದ ಕೈನಕ್ಷೆ ಸ್ಕ್ಯಾನ್ ಮಾಡಿ ಸೇರಿಸಿದೆ, ಅದೂ ನಡೆಯಲಿಲ್ಲ. ಬ್ರೋಕರ್‌ಗೆ ಕೊಟ್ಟ ದುಡ್ಡು ಸುಮ್ನೆ ದಂಡ.

ಕೊನೆಗೆ ಪಹಣಿ (ಆರ್‌ಟಿಸಿ) ಎದುರಿಗಿಟ್ಟುಕೊಂಡು ಒಂದೊಂದೇ ಕಾಲಂ ನೋಡಿದೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರುಗಳು ಸರಿಯಾಗಿದ್ದವು. ಸಾಲ, ಋಣ ಬರೆಯುವ 11ನೇ ಕಾಲಂನಲ್ಲಿ ಎಂದೋ ತೀರಿಸಿದ ಸೊಸೈಟಿ ಸಾಲ ಹಾಗೇ ಕೂತಿತ್ತು! ಸಾಲ ತೀರಿದ ಪತ್ರ ಕೊಟ್ಟು ಮೊದಲು ಅದನ್ನು ತೆಗೆಸಿದೆ.

ಆಮೇಲೆ ಪರಿವರ್ತನೆಗೆಂದೇ 11ಇ ನಕ್ಷೆಗೆ, ಅಂದರೆ ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆಗೆ, ಅರ್ಜಿ ಹಾಕಿದೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಅಂದರೆ ಇದು ಬೇಕೇ ಬೇಕು. ಅಳತೆಯ ದಿನ ಪಕ್ಕದ ಜಮೀನಿನವರನ್ನೂ ಕರೆದಿದ್ದೆ. ನಕ್ಷೆ ಬಂದಾಗ ನಿಜವಾದ ತಪ್ಪು ಸಿಕ್ಕಿತು. ನಾನು ಬರೆದಿದ್ದು 20 ಗುಂಟೆ, ನಕ್ಷೆಯಲ್ಲಿ 19, ಉಳಿದ 1 ಗುಂಟೆ ಖರಾಬು (ಸಾಗುವಳಿಗೆ ಬಾರದ ಜಾಗ). ಅಫಿಡವಿಟ್‌ನಲ್ಲಿ 19 ಅಂತಲೇ ಬರೆದೆ. ಚಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿ) ನಕ್ಷೆಯಲ್ಲಿರುವಂತೆ ಅಕ್ಷರ ಅಕ್ಷರ ಇಳಿಸಿದೆ.

ಊರಿನ ಮಹಾ ಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ನಮ್ಮ ಸರ್ವೆ ನಂಬರ್ ಹಳದಿ, ಅಂದರೆ ವಸತಿ ವಲಯ. ಇಲ್ಲದಿದ್ದರೆ ಮೊದಲು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂನಡಿ ಭೂ ಉಪಯೋಗ ಬದಲಾವಣೆ ಆಗಬೇಕಿತ್ತು, ಅದು ಬೇರೆಯೇ ರಾಮಾಯಣ. ವಲಯದ ಪತ್ರ, ಹೊಸ ಪಹಣಿ, 11ಇ, ಜಂಟಿದಾರರೆಲ್ಲರ ಸಹಿ ಸೇರಿಸಿ ನಾಲ್ಕನೇ ಸಲ ಹಾಕಿದೆ. ಈ ಸಲ ಶುಲ್ಕ ಕಟ್ಟುವ ಚಲನ್ ಬಂತು.