ಜರ್ಮನಿಯ ವಿನಿಮಯ ಸೆಮಿಸ್ಟರ್: ಒಂದು ಕ್ರೆಡಿಟ್ಟೂ ಕಳೆಯದೆ ಹೋಗಿಬಂದ ನನ್ನ ಅನುಭವ

ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದಿ ಬಂದರೆ ಇಲ್ಲಿ ಒಂದು ವರ್ಷ ಹಿಂದೆ ಬೀಳುವುದು ಖಂಡಿತ ಎಂದು ಸಹಪಾಠಿಗಳೂ ಕೆಲವು ಅಧ್ಯಾಪಕರೂ ಎಚ್ಚರಿಸಿದ್ದರು. ಅಲ್ಲಿ ಗಳಿಸಿದ 30 ಇಸಿಟಿಎಸ್ (ಯುರೋಪಿನ ವಿಶ್ವವಿದ್ಯಾಲಯಗಳ ಕ್ರೆಡಿಟ್) ಈಗ ನನ್ನ ಅಂಕಪಟ್ಟಿಯಲ್ಲಿ 20 ಕ್ರೆಡಿಟ್‌ಗಳಾಗಿ ಪೂರ್ತಿ ಸೇರಿರುವುದರಿಂದ, ನಾನು ಹಿಡಿದ ದಾರಿಯನ್ನು ಬರೆದಿಡುತ್ತಿದ್ದೇನೆ. ನಾಮನಿರ್ದೇಶನ, ಉದ್ದೇಶಪತ್ರ, ಭಾಷಾ ಪರೀಕ್ಷೆಗಳ ಸಂಗತಿ ಹೊರಡುವವರಿಗೆಲ್ಲ ಗೊತ್ತಿರುವುದೇ.

ಘಟಕಕ್ಕೆ ಘಟಕ ಹೊಂದಿಸಿ ನಾನು ಕೊಟ್ಟ ಮೊದಲ ಪಠ್ಯಕ್ರಮ ಪಟ್ಟಿಯನ್ನು ವಿಭಾಗದಲ್ಲಿ ತಿರಸ್ಕರಿಸಿದರು. ವಿಷಯದ ಹೆಸರು ಬೇರೆ, ಅಲ್ಲಿ 6 ಇಸಿಟಿಎಸ್ ಇದ್ದುದು ಇಲ್ಲಿ 4 ಕ್ರೆಡಿಟ್ ಹೇಗಾಗುತ್ತದೆ ಎಂಬುದು ಅವರ ತಕರಾರು. ಆಗ ಶೀರ್ಷಿಕೆಗಳನ್ನು ಬದಿಗಿಟ್ಟು, ಅಲ್ಲಿನ ಮಾಡ್ಯೂಲ್ ಹ್ಯಾಂಡ್‌ಬುಕ್‌ನಲ್ಲಿ ಪ್ರತಿ ವಿಷಯಕ್ಕೂ ಅಚ್ಚಾಗಿರುವ ತರಗತಿಯ ಗಂಟೆ ಮತ್ತು ಸ್ವಂತ ಓದಿನ ಗಂಟೆಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡೆ. ವಾರಕ್ಕೆ 90 ನಿಮಿಷದ ಎರಡು ತರಗತಿಗಳನ್ನು ಅವರು 4 ಗಂಟೆ ಎಂದೇ ಬರೆಯುತ್ತಾರೆ, ಏಕೆಂದರೆ ಅಲ್ಲಿನ ಬೋಧನಾ ಗಂಟೆ 45 ನಿಮಿಷದ್ದು. ವಿಭಾಗದ ಸಭೆಯಲ್ಲಿ ಒಬ್ಬರು ಇದನ್ನೇ ಹಿಡಿದು ಜಗ್ಗಿದರು. ಒಂದು ಇಸಿಟಿಎಸ್‌ಗೆ 30 ಗಂಟೆಯಂತೆ 6 ಇಸಿಟಿಎಸ್‌ನ ವಿಷಯಕ್ಕೆ ಒಟ್ಟು 180 ಗಂಟೆಯ ದುಡಿಮೆ ಎಂಬ ಪುಟವನ್ನು ತೋರಿಸಿದ ಮೇಲೆ ಮಾತು ನಿಂತಿತು. ಯಾರ ಸಹಿಯನ್ನು ಮೊದಲು, ಯಾರದನ್ನು ಕೊನೆಗೆ ಪಡೆದೆ ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಅರ್ಧ ಕೆಲಸ ಆಗಿದ್ದೇ ಆ ಕ್ರಮದಿಂದ.

ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ತರಗತಿಗಳು ಫೆಬ್ರವರಿಯಲ್ಲಿ ಮುಗಿದು ಪರೀಕ್ಷೆಗಳು ಆಮೇಲೆ ನಡೆಯುತ್ತವೆ. ಅಷ್ಟರಲ್ಲಿ ನಮ್ಮಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರುತ್ತದೆಯಾದ್ದರಿಂದ, ತಡವಾಗಿ ಸೇರಲು ಬರವಣಿಗೆಯಲ್ಲಿ ಅನುಮತಿ ಪಡೆದೇ ಹೊರಟೆ. ಏಪ್ರಿಲ್‌ನಲ್ಲಿ ಶುರುವಾಗುವ ಬೇಸಿಗೆಯ ಸೆಮಿಸ್ಟರ್ ನಮ್ಮ ಎರಡು ಸೆಮಿಸ್ಟರ್‌ಗಳಿಗೂ ಕತ್ತರಿ ಹಾಕುತ್ತದೆ, ಅದರ ಗೋಜಿಗೆ ಹೋಗದಿರುವುದೇ ಲೇಸು. ಓದುವ ವಿಷಯಗಳನ್ನು ಎರಡೂ ಕಡೆಯವರು ಮೊದಲೇ ಒಪ್ಪಿ ಸಹಿ ಹಾಕುವ ಲರ್ನಿಂಗ್ ಅಗ್ರಿಮೆಂಟ್‌ನಲ್ಲಿದ್ದ ಒಂದು ವಿಷಯವನ್ನು ಆ ಸಲ ಬೋಧಿಸಲೇ ಇಲ್ಲ, ಇನ್ನೊಂದರ ಸಮಯ ಮತ್ತೊಂದಕ್ಕೆ ಅಡ್ಡ ಬಂತು. ಪ್ರತಿ ವಿಷಯಕ್ಕೂ ಒಂದೊಂದು ಬದಲಿಯನ್ನು ಸೂಚಿಸಿ ಅದಕ್ಕೂ ಮೊದಲೇ ಸಹಿ ಹಾಕಿಸಿಕೊಂಡಿದ್ದರಿಂದ ಒಂದೇ ಇಮೇಲ್‌ನಲ್ಲಿ ಬದಲಾವಣೆ ಮುಗಿಯಿತು. ಇದನ್ನು ಅತಿಜಾಗ್ರತೆ ಎಂದು ನಕ್ಕವರಲ್ಲಿ ಒಬ್ಬರು ಆಮೇಲೆ ನನ್ನ ಪಟ್ಟಿಯ ನಕಲು ಕೇಳಿ ಪಡೆದರು.

ಇನ್ನು ಹಣ. ವಿನಿಮಯದಲ್ಲಿ ಅಲ್ಲಿನ ಬೋಧನಾ ಶುಲ್ಕ ಇರುವುದಿಲ್ಲ, ಇಲ್ಲಿನದನ್ನು ಕಟ್ಟುತ್ತಿರಬೇಕು. ವೀಸಾಕ್ಕೆ, ತಿಂಗಳಿಗಿಷ್ಟೇ ಎಂದು ಹಣ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 992 ಯೂರೋಗೆ ಏರಿತು. ಆರು ತಿಂಗಳಿಗೆ ಆರು ಸಾವಿರದ ಹತ್ತಿರ. ಆದರೆ ಆ ಹಣ ಕೈಗೆ ಸಿಗಲು ಅಲ್ಲೊಂದು ಚಾಲ್ತಿ ಖಾತೆ ಬೇಕು. ನನ್ನ ಬ್ಯಾಂಕು ಖಾತೆ ತೆರೆಯಲು ವಿಳಾಸ ನೋಂದಣಿಯ ಪತ್ರ ಕೇಳಿತು, ನೋಂದಣಿಗೆ ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕಾಯಿತು. ಕೋಣೆಯ ಠೇವಣಿ, ಬಾಡಿಗೆ, ಸೆಮಿಸ್ಟರ್ ಶುಲ್ಕ, ಆಗ ತಿಂಗಳಿಗೆ ಸುಮಾರು 140 ಯೂರೋ ಇದ್ದ ಆರೋಗ್ಯ ವಿಮೆ ಎಲ್ಲವೂ ಈ ಸರಪಳಿ ಮುಗಿಯುವ ಮೊದಲೇ ಎದುರಾಗುತ್ತವೆ. ನನಗೆ 1400 ಯೂರೋ ಆಸುಪಾಸು ಬೇಕಾಯಿತೆಂದು ನೆನಪು. ಅಷ್ಟನ್ನು ಬೇರೆಯಾಗಿ ಒಯ್ದಿದ್ದರಿಂದ ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಸಾರ್ವಜನಿಕ ರೇಡಿಯೋ-ಟಿವಿಯ ಪ್ರಸಾರ ಶುಲ್ಕವೆಂಬ ತಿಂಗಳ 18.36 ಯೂರೋವನ್ನು ತಲೆಗಿಷ್ಟೆಂದು ವಿಧಿಸುವುದಿಲ್ಲ, ಮನೆಗೊಂದರಂತೆ ವಿಧಿಸುತ್ತಾರೆ. ಹಂಚಿಕೊಂಡ ಮನೆಯಾದರೆ ಪಾಲು ಮಾಡಿಕೊಳ್ಳಬಹುದು.

ಮೌಖಿಕ ಪರೀಕ್ಷೆ ಅಲ್ಲಿ ಸಾಮಾನ್ಯವಾದ್ದರಿಂದ, ಹೊರಡುವ ಮೊದಲೇ ಒಂದೊಂದು ಅಧ್ಯಾಯವನ್ನು ಇಪ್ಪತ್ತು ನಿಮಿಷ ಗೆಳೆಯನೊಬ್ಬನಿಗೆ ವಿವರಿಸಿ, ನಡುವೆ ತಡೆದು ಪ್ರಶ್ನೆ ಕೇಳಲು ಅವನಿಗೆ ಹೇಳಿದ್ದೆ. ಜರ್ಮನ್ ಕಲಿಯಲು ಕಳೆದ ಸಮಯಕ್ಕಿಂತ ಇದು ಹೆಚ್ಚು ಫಲ ಕೊಟ್ಟಿತು.

ಗ್ರೇಡ್ ಪರಿವರ್ತನೆಗೆ, ಬೇರೆ ದೇಶದ ಅಂಕಗಳನ್ನು ಜರ್ಮನ್ ಗ್ರೇಡಿಗೆ ಬದಲಿಸುವ ಬವೇರಿಯನ್ ಸೂತ್ರವನ್ನು ತಿರುವಿ ಬಳಸಿದೆ. ಅಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸು. ಇಲ್ಲಿ 10 ಗರಿಷ್ಠ, 4 ಪಾಸು ಎಂದಾದರೆ ಅಲ್ಲಿನ 1.0 ವ್ಯತ್ಯಾಸ ಇಲ್ಲಿನ ಎರಡು ಅಂಕಕ್ಕೆ ಸಮ. ಈ ಕೋಷ್ಟಕವನ್ನೂ ಒಪ್ಪಂದದ ಜೊತೆಗೆ ಲಗತ್ತಿಸಿ ಮೊಹರು ಹಾಕಿಸಿದ್ದೆ. ಹಿಂದಿರುಗಿದ ಮೇಲೆ ನನ್ನ 1.7 ಅನ್ನು ನೋಡಿ ಪರೀಕ್ಷಾ ವಿಭಾಗದವರು ‘ಇದು ಫೇಲ್ ಅಲ್ಲವೇ’ ಎಂದಾಗ ಆ ಪುಟವನ್ನು ಮುಂದಿಟ್ಟೆ, ಅವರು 8.6 ಎಂದು ನಮೂದಿಸಿದರು.