ಏಳು ರೂಪಾಯಿ ಕಡಿಮೆ ಇದ್ದರೆ ಕಡಿಮೆ ಅಂತಲೇ ಬರೆಯಿರಿ

1988ರಲ್ಲಿ ಊರಿನಿಂದ ಮುಂಬೈಗೆ ಬಂದಾಗ ನನಗೆ ಹದಿನೈದು ವರ್ಷ. ಹಗಲು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ. ಶಾಲೆ ಮುಗಿಸಿ ಬಂದ ಮೇಲೆ ಗಲ್ಲಾ ಎಣಿಸಲು ಮ್ಯಾನೇಜರಿಗೆ ಸಹಾಯ ಮಾಡುತ್ತಿದ್ದೆ. ಒಂದು ರಾತ್ರಿ ಏಳು ರೂಪಾಯಿ ತಾಳೆಯಾಗಲಿಲ್ಲ. 'ಕೊತ್ತಂಬರಿ ಸೊಪ್ಪು ಅಂತ ಬರೆದುಬಿಡೋಣ ಅಣ್ಣಾ' ಎಂದೆ, ನಿದ್ದೆ ಎಳೆಯುತ್ತಿತ್ತು. ಅವರು ಪೆನ್ನು ನನ್ನ ಕೈಗೆ ಕೊಟ್ಟು, 'ಕಡಿಮೆ ಇದ್ರೆ ಕಡಿಮೆ ಅಂತಲೇ ಬರಿ ಮಾರಾಯ. ನಾಳೆ ಹುಡುಕೋಕೆ ಗುರುತು ಬೇಕಲ್ಲ' ಎಂದರು.

ನನ್ನನ್ನು ನಾನು ತಿದ್ದಿಕೊಳ್ಳಲು ಬಳಸುವ ಉಪಾಯ ಇಷ್ಟೇ. ದಿನದ ಕಿರ್ದಿ, ಅಂದರೆ ದಿನದಿನದ ಲೆಕ್ಕದ ಪುಸ್ತಕ, ಆದರೆ ದುಡ್ಡಿನದಲ್ಲ.

ಒಂದು ಸಣ್ಣ ಪಾಕೆಟ್ ಪುಸ್ತಕ ತಗೊಳ್ಳಿ. ಮೊಬೈಲ್ ಬೇಡ, ಅದನ್ನು ತೆರೆದರೆ ವಾಟ್ಸಾಪ್ ಕರೆಯುತ್ತದೆ. ಬರೆಯುವುದಕ್ಕೆ ಬೇರೆ ಹೊತ್ತು ಹುಡುಕಬೇಡಿ, ದಿನಾ ತಾನಾಗಿಯೇ ನಡೆಯುವ ಯಾವುದಾದರೂ ಕೆಲಸಕ್ಕೆ ಇದನ್ನು ಗಂಟು ಹಾಕಿ. ನಾನಿರುವುದು ಡೊಂಬಿವಲಿಯಲ್ಲಿ. ಬೆಳಗಿನ ಲೋಕಲ್‌ನಲ್ಲಿ ಕೈ ಎತ್ತಲೂ ಜಾಗವಿರುವುದಿಲ್ಲ, ಆದರೆ ಸಂಜೆ ಸಿಎಸ್‌ಎಂಟಿಯಲ್ಲಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್) ಗಾಡಿ ಅಲ್ಲಿಂದಲೇ ಹೊರಡುವುದರಿಂದ ಓಡಿ ಹತ್ತಿದರೆ ಚೌಥಿ ಸೀಟಾದರೂ, ಅಂದರೆ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವನ ಜಾಗವಾದರೂ, ಸಿಗುತ್ತದೆ. ಅರ್ಧ ಕೂತು ಅರ್ಧ ಜೋತಾಡಿಕೊಂಡೇ ಎರಡು ಸಾಲು ಬರೆಯುತ್ತೇನೆ, ಗಾಡಿ ಮುಂದಿನ ಸ್ಟೇಷನ್ ಮಸ್ಜಿದ್ ಬಂದರ್ ದಾಟುವಷ್ಟರಲ್ಲಿ ಮುಗಿದಿರುತ್ತದೆ. ಎರಡೇ ಸಾಲು. ಮೊದಲ ವಾರದ ಹುಮ್ಮಸ್ಸಿನಲ್ಲಿ ನಾಲ್ಕು ಪುಟ ತುಂಬಿಸುವವರು ಮೂರನೇ ವಾರ ಪುಸ್ತಕ ಎಲ್ಲಿಟ್ಟೆ ಅಂತ ಹುಡುಕುತ್ತಿರುತ್ತಾರೆ.

ಏನು ಬರೆಯಬೇಕು? ನಡೆದದ್ದು. 'ನಾನು ಸೋಮಾರಿ' ಎಂಬುದು ಎಂಟ್ರಿ ಅಲ್ಲ, ಅದು ಬೈಗುಳ. 'ಐದೂವರೆಯ ಅಲಾರಂ ಮೂರು ಸಲ ಆಫ್ ಮಾಡಿದೆ' ಎಂಬುದು ಎಂಟ್ರಿ. ನಿಮ್ಮನ್ನು ನೀವು ಬೈದುಕೊಂಡರೆ ಏನೋ ದೊಡ್ಡ ಪ್ರಾಯಶ್ಚಿತ್ತ ಮಾಡಿದ ಹಾಗೆ ಅನಿಸಿ, ಮರುದಿನ ಅದೇ ತಪ್ಪು ಮಾಡಲು ಆರಾಮವಾಗುತ್ತದೆ, ಅಲ್ವಾ? ಒಂದು ದಿನ ಬಿಟ್ಟುಹೋದರೆ 'ಬರೆಯಲಿಲ್ಲ' ಅಂತ ಹಾಕಿ ಮುಂದೆ ಹೋಗಿ. ಹಿಂದಿನ ತಾರೀಖಿನ ಎಂಟ್ರಿ ಮಾತ್ರ ಬೇಡ, ನೆನಪು ಯಾವತ್ತೂ ನಮ್ಮ ಪರವಾಗಿಯೇ ಲೆಕ್ಕ ಬರೆಯುತ್ತದೆ.

ಭಾನುವಾರ ಹದಿನೈದು ನಿಮಿಷ ಕೂತು ವಾರದ್ದನ್ನು ಓದಿ. ಮೂರು ಸಲ ಬಂದದ್ದು ಏನು ಅಂತ ನೋಡಿ. ಮನೆಗೆ ಹೋದ ಕೂಡಲೇ ನನಗೂ ಹೆಂಡತಿಗೂ ಜಗಳ ಹತ್ತುತ್ತಿತ್ತು, ತಪ್ಪು ಅವಳದೇ ಅಂತ ನಾನು ನಂಬಿದ್ದೆ. ಪುಸ್ತಕದಲ್ಲಿ ನೋಡಿದರೆ ಜಗಳದ ದಿನಗಳೆಲ್ಲ ನಾನು ಮಧ್ಯಾಹ್ನ ಡಬ್ಬಿ ಬಿಚ್ಚದೆ ಬರೀ ಚಹಾದಲ್ಲಿ ದಿನ ಕಳೆದ ದಿನಗಳು. ಈಗ ಅಂಥ ದಿನ ಸ್ಟೇಷನ್ನಿನ ಹೊರಗೆ ಒಂದು ವಡಾ ಪಾವ್ ತಿಂದೇ ಮನೆಗೆ ಹೋಗುತ್ತೇನೆ. ವಾರಕ್ಕೆ ಇಂಥ ಒಂದನ್ನೇ ಬದಲಿಸಿ, ಜಾಸ್ತಿ ಬೇಡ.

ಇನ್ನು ದೊಡ್ಡ ಏಟಿನ ವಿಷಯ. 2003ರಲ್ಲಿ ಸಾಲ ಮಾಡಿ ಕುರ್ಲಾದಲ್ಲಿ ಝೆರಾಕ್ಸ್ ಅಂಗಡಿ ಹಾಕಿದ್ದೆ. 2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ. ಮಿಠಿ ನದಿ ಉಕ್ಕಿ ಅಂಗಡಿಯೊಳಗೆ ಎದೆಮಟ್ಟ ನೀರು. ಎರಡು ದಿನ ಬಿಟ್ಟು ಶಟರ್ ಎತ್ತಿದಾಗ ಕಾಗದದ ರಿಮ್ಮುಗಳು ಉಬ್ಬಿ ನೆನೆಸಿದ ಅವಲಕ್ಕಿಯ ಹಾಗಾಗಿದ್ದವು. ಮಶೀನಿನ ಟ್ರೇ ಎಳೆದರೆ ಕೆಸರು. ಅಂಗಡಿ ಮುಚ್ಚಿದೆ. ಸಿಕ್ಕವರಿಗೆಲ್ಲ 'ಮಳೆ ನನ್ನ ಅಂಗಡಿ ನುಂಗಿತು' ಅಂತ ಮೂರು ವರ್ಷ ಹೇಳಿದೆ. ಎಲ್ಲರೂ ಅಯ್ಯೋ ಪಾಪ ಅಂದರು, ನನಗೂ ಅದು ಹಿತವಾಗಿತ್ತು.

2008ರಲ್ಲಿ ಒಂದು ರಾತ್ರಿ ಪುಟದ ನಡುವೆ ಗೆರೆ ಎಳೆದು ಬರೆದೆ. ಎಡಗಡೆ ನನ್ನ ಕೈಯಲ್ಲಿ ಇಲ್ಲದ್ದು: ಮಳೆ, ನದಿ, ಎತ್ತಲಾಗದ ಮಶೀನು. ಬಲಗಡೆ ಇದ್ದದ್ದು: ಮೇಲೆ ಅಟ್ಟ ಇದ್ದರೂ ಏಣಿ ಹತ್ತಲು ಬೇಜಾರೆಂದು ರಿಮ್ಮುಗಳನ್ನು ನೆಲದಲ್ಲೇ ಇಟ್ಟಿದ್ದೆ. ವಿಮೆಯ ಫಾರಂ ತುಂಬದೆ ಡ್ರಾಯರಿನಲ್ಲಿ ನಾಲ್ಕು ತಿಂಗಳು ಇತ್ತು. ಬಲಗಡೆಯ ಎರಡನೇ ಸಾಲು ಬರೆಯುವಾಗ ಕೈ ನಡುಗಿತು. ಕೊತ್ತಂಬರಿ ಸೊಪ್ಪು ಅಂತ ಬರೆದಿಟ್ಟಿದ್ದ ಲೆಕ್ಕ ಅದು.

ನೀವೂ ಹೀಗೆಯೇ ಗೆರೆ ಎಳೆಯಿರಿ, ಆದರೆ ಏಟು ಬಿದ್ದ ದಿನವೇ ಬೇಡ. ಆ ಹೊತ್ತಿಗೆ ಎಲ್ಲವೂ ಎಡಗಡೆಯೇ ಕಾಣುತ್ತದೆ, ಕೆಲವರಿಗೆ ಎಲ್ಲವೂ ಬಲಗಡೆ. ಒಂದು ತಿಂಗಳು ಸುಮ್ನೆ ಬಿಡಿ, ನನ್ನ ಹಾಗೆ ಮೂರು ವರ್ಷ ಬೇಡ. ಬಲಗಡೆ ಬಂದ ಪ್ರತಿ ಸಾಲಿಗೆ ಈ ವಾರವೇ ಮಾಡಬಹುದಾದ ಒಂದು ಕೆಲಸ ಬರೆಯಿರಿ. ನಾನು ಮರುದಿನವೇ ಮನೆಯ ಕಾಗದಪತ್ರಗಳನ್ನೆಲ್ಲ ಕಪಾಟಿನ ಮೇಲಿನ ಹಲಗೆಗೆ ಏರಿಸಿದೆ. ಬಲಗಡೆ ಖಾಲಿಯೇ ಉಳಿದರೆ ಪುಟವನ್ನು ನಿಮಗೆ ಮುಲಾಜಿಲ್ಲದೆ ಹೇಳುವ ಒಬ್ಬರಿಗೆ ತೋರಿಸಿ, ನನ್ನ ಅಕ್ಕ ಒಂದೇ ನಿಮಿಷದಲ್ಲಿ ಇನ್ನೆರಡು ಸಾಲು ಸೇರಿಸಿದಳು. ಸಾವು, ದೊಡ್ಡ ಕಾಯಿಲೆಗಳಿಗೆ ಮಾತ್ರ ಈ ಗೆರೆ ಹಾಕಬೇಡಿ. ಅಲ್ಲಿ ಲೆಕ್ಕ ಬೇಡ, ಜೊತೆಗೆ ಕೂರುವ ಜನ ಬೇಕು.

ಹಾಂ, ಜೂನ್‌ನಿಂದ ಸೆಪ್ಟೆಂಬರ್ ತನಕ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಳ್ಳಿ. ಬಾಲ್ ಪೆನ್ನಿನಲ್ಲೇ ಬರೆಯಿರಿ, ಶಾಯಿ ಪೆನ್ನಿನದು ಹರಡುತ್ತದೆ.