ಎಷ್ಟರಲ್ಲಿ ಎಷ್ಟು? ರೇಸ್ ಟ್ರೇನರ್‌ಗಳ ಲೆಕ್ಕ ಬರೆಯುವ, ಓದುವ ಬಗೆ

ಕುದುರೆ ರೇಸ್ ಇರುವ ದಿನ ಬೆಳಿಗ್ಗೆ ಹೊಸೂರು ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಯಾರು ಎಲ್ಲಿಗೆ ಹೊರಟಿದ್ದಾರೆ ಅಂತ ಗೊತ್ತಾಗುತ್ತದೆ. ಬೆಂಗಳೂರು ಬಸ್ ಹತ್ತುವವರಲ್ಲಿ ನಾಲ್ಕಾರು ಜನರ ಶರ್ಟಿನ ಜೇಬಿನಲ್ಲಿ ಉದ್ದಕ್ಕೆ ಮಡಚಿದ ರೇಸ್ ಪುಸ್ತಕ ಇರುತ್ತದೆ. ಅತ್ತಿಬೆಲೆ ಬರುವಷ್ಟರಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಲಸಿದ ಮಾತು ಶುರುವಾಗುತ್ತದೆ. ಅದರಲ್ಲಿ ತಪ್ಪದೆ ಕೇಳುವ ಮಾತೊಂದಿದೆ: "ಈಗ ಆ ಟ್ರೇನರ್ ಟೈಮು ಕಣಪ್ಪ. ಅವನ ಕುದುರೆ ಯಾವುದಿದ್ರೂ ಹಾಕು."

ಆ ಮಾತು ನಂಬಿ ನಾನು ಎರಡು ಸೀಸನ್ ದುಡ್ಡು ಕಳೆದಿದ್ದೇನೆ. ಹೇಳಿದವರು ಸುಳ್ಳು ಹೇಳಿರಲಿಲ್ಲ, ಅರ್ಧ ಲೆಕ್ಕ ಹೇಳಿದ್ದರು. ನನ್ನ ಕೆಲಸ ಹೊಸೂರಿನ ಕೈಗಾರಿಕಾ ಪ್ರದೇಶವಾದ ಸಿಪ್ಕಾಟ್‌ನ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ. ಅಲ್ಲಿ ಯಾರಾದರೂ ಬಂದು "ಇವತ್ತು 6 ಪೀಸು ರಿಜೆಕ್ಟ್" ಅಂದರೆ ನಾವು ಕೇಳುವ ಮೊದಲ ಪ್ರಶ್ನೆ "ಎಷ್ಟರಲ್ಲಿ?" 60ರಲ್ಲಿ 6 ಅಂದರೆ ಮಷಿನ್ ನಿಲ್ಲಿಸಬೇಕು, 6,000ದಲ್ಲಿ 6 ಅಂದರೆ ಊಟಕ್ಕೆ ಹೋಗಬಹುದು. ದಿನವಿಡೀ ಕೇಳುವ ಈ ಪ್ರಶ್ನೆಯನ್ನು ರೇಸ್ ಪುಸ್ತಕ ಕೈಗೆ ಬಂದಾಗ ಕೇಳಲಿಲ್ಲ ಅನ್ನುವುದು ತುಂಬ ತಡವಾಗಿ ಹೊಳೆಯಿತು. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದನ್ನು ಇಡುವ, ಓದುವ ಕ್ರಮವೇ ಈ ಲೇಖನ.

ಅಷ್ಟಕ್ಕೂ ಟ್ರೇನರ್ ಯಾಕೆ ಮುಖ್ಯ? ಕುದುರೆಗೆ ಬೆಳಗಿನ ಜಾವ ಎಷ್ಟು ಓಡಿಸಬೇಕು, ಯಾವಾಗ ವಿಶ್ರಾಂತಿ, ಯಾವ ರೇಸಿಗೆ ಹೆಸರು ಕೊಡಬೇಕು, 1,200 ಮೀಟರೋ 1,600 ಮೀಟರೋ, ಯಾವ ಜಾಕಿ, ಬ್ಲಿಂಕರ್ಸ್ (ಪಕ್ಕಕ್ಕೆ ನೋಡದಂತೆ ಹಾಕುವ ಕಣ್ಣುಪಟ್ಟಿ) ಹಾಕಬೇಕೋ ಬೇಡವೋ, ಇವೆಲ್ಲದರಲ್ಲೂ ಟ್ರೇನರ್ ಕೈ ಇರುತ್ತದೆ. ಜಾಕಿಯ ಕೆಲಸ ಎರಡು ನಿಮಿಷದ್ದು, ಟ್ರೇನರ್ ಕೆಲಸ ತಿಂಗಳುಗಳದ್ದು. ಮದರಾಸು ರೇಸ್ ಕ್ಲಬ್‌ಗೆ ಸಂಬಂಧಿಸಿದ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕುದುರೆ ರೇಸನ್ನು ಕೌಶಲದ ಆಟ ಎಂದು ತೀರ್ಮಾನಿಸಿದಾಗ, ಕುದುರೆಗೆ ಕೊಡುವ ತರಬೇತಿಯೂ ಆ ಕೌಶಲದಲ್ಲಿ ಸೇರಿತ್ತು. ನಮ್ಮ ಕಡೆಯವರಿಗೆ ಇದು ಹೊಸದೂ ಅಲ್ಲ. ಹೊಸೂರು ಪಕ್ಕದ ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರಂ 1824ರಲ್ಲಿ ಶುರುವಾದದ್ದೇ ಬ್ರಿಟಿಷ್ ಸೈನ್ಯದ ಕುದುರೆಗಳಿಗಾಗಿ. ಕುದುರೆ ಹುಟ್ಟುವುದು ಒಂದು, ತಯಾರಾಗುವುದು ಇನ್ನೊಂದು ಅನ್ನುವುದು ಈ ಮಣ್ಣಿಗೆ ಗೊತ್ತಿರುವ ಸಂಗತಿ.

ಮೊದಲ ಹೆಜ್ಜೆ: ಸೋತದ್ದನ್ನೂ ಬರೆಯಿರಿ

200 ಪುಟದ ನೋಟ್‌ಬುಕ್ ತಗೊಳ್ಳಿ. ಒಬ್ಬ ಟ್ರೇನರ್‌ಗೆ ನಾಲ್ಕು ಪುಟ ಬಿಡಿ. ಎಲ್ಲ ಟ್ರೇನರ್‌ಗಳನ್ನೂ ಹಿಡಿಯಲು ಹೋದರೆ ಮೂರನೇ ವಾರಕ್ಕೆ ನೋಟ್‌ಬುಕ್ ಮೂಲೆ ಸೇರುತ್ತದೆ, ಆದ್ದರಿಂದ ಮೊದಲ ಸೀಸನ್‌ಗೆ ಎಂಟು ಹತ್ತು ಜನ ಸಾಕು. ಅದರಲ್ಲಿ ದೊಡ್ಡ ಲಾಯದವರೂ ಇರಲಿ, ಹತ್ತು ಹದಿನೈದು ಕುದುರೆ ಇಟ್ಟುಕೊಂಡ ಸಣ್ಣವರೂ ಇರಲಿ.

ಪ್ರತಿ ಸಾಲಿಗೂ ಇಷ್ಟು ಬೇಕು: ತಾರೀಕು, ಕುದುರೆ, ದೂರ, ಕ್ಲಾಸ್ (ರೇಸಿನ ದರ್ಜೆ), ಓಡಿದ ಕುದುರೆಗಳ ಸಂಖ್ಯೆ, ವಿಶ್ರಾಂತಿ ಮುಗಿದ ಮೇಲೆ ಇದು ಎಷ್ಟನೇ ಓಟ, ಜಾಕಿ, ರೇಸ್ ಶುರುವಾಗುವಾಗಿನ ದರ (ಗೆದ್ದರೆ ಪಣಕ್ಕೆ ಎಷ್ಟು ಪಟ್ಟು ಸಿಗುತ್ತದೆ ಅನ್ನುವುದು), ಬಂದ ಸ್ಥಾನ. ಗೆದ್ದ ಸಾಲು ಮಾತ್ರ ಬರೆಯುವುದು ಎಲ್ಲರೂ ಮಾಡುವ ತಪ್ಪು. ಪತ್ರಿಕೆಯ ಫಲಿತಾಂಶದಲ್ಲಿ ಗೆದ್ದ ಕುದುರೆಯ ಟ್ರೇನರ್ ಹೆಸರು ಎದ್ದು ಕಾಣುತ್ತದೆ, ಒಂಬತ್ತನೆಯದಾಗಿ ಬಂದದ್ದು ಯಾರ ಕುದುರೆ ಅನ್ನುವುದನ್ನು ಹುಡುಕಬೇಕು. ನಮಗೆ ಬೇಕಾದದ್ದು ಆ ಒಂಬತ್ತನೆಯದೂ ಕೂಡ. ಯಾವುದರಿಂದ ಭಾಗಿಸಬೇಕೋ ಆ ಸಂಖ್ಯೆ ಬರುವುದು ಅಲ್ಲಿಂದಲೇ.

ಎರಡನೆಯದು: ನಿರೀಕ್ಷೆಯ ಜೊತೆ ಹೋಲಿಸಿ

ಗೆದ್ದದ್ದನ್ನು ಓಡಿದ್ದರಿಂದ ಭಾಗಿಸಿದರೆ ಬರುವುದು ಸ್ಟ್ರೈಕ್ ರೇಟ್. ಅಲ್ಲಿಗೇ ನಿಲ್ಲಿಸಬೇಡಿ. 6 ಕುದುರೆಗಳ ರೇಸಿನಲ್ಲಿ ಗೆಲ್ಲುವುದೂ 14 ಕುದುರೆಗಳ ರೇಸಿನಲ್ಲಿ ಗೆಲ್ಲುವುದೂ ಒಂದೇ ಅಲ್ಲ. ಪ್ರತಿ ಸಾಲಿನಲ್ಲಿ 1ನ್ನು ಓಡಿದ ಕುದುರೆಗಳ ಸಂಖ್ಯೆಯಿಂದ ಭಾಗಿಸಿ ಬರೆಯಿರಿ. 10 ಕುದುರೆಯ ರೇಸಾದರೆ 0.10, 8 ಆದರೆ 0.125. ಪುಟದ ಕೊನೆಯಲ್ಲಿ ಕೂಡಿಸಿ. ಬರೀ ಅದೃಷ್ಟದ ಮೇಲೆ ನಡೆದಿದ್ದರೆ ಆ ಟ್ರೇನರ್ ಎಷ್ಟು ಗೆಲ್ಲಬೇಕಿತ್ತು ಅನ್ನುವ ಸಂಖ್ಯೆ ಅದು.

ಲೆಕ್ಕ ತಿಳಿಯಲಿಕ್ಕೆ ಒಬ್ಬ ಕಾಲ್ಪನಿಕ ಟ್ರೇನರ್ ತಗೊಳ್ಳೋಣ. ಎಲ್ಲವೂ 10 ಕುದುರೆಯ ರೇಸುಗಳು, 20 ಓಟ, 5 ಗೆಲುವು. ಬರಬೇಕಿದ್ದದ್ದು 2, ಬಂದದ್ದು 5. ಶೇ. 25! ಬಸ್ಸಿನಲ್ಲಿ "ಅವನ ಟೈಮು" ಅನ್ನುವುದು ಇಂಥವರನ್ನೇ. ಈಗ ಗುಣಮಟ್ಟ ವಿಭಾಗದವರು ಹಾಕುವ ಲೆಕ್ಕ ಹಾಕಿ ನೋಡಿ. ಯಾವ ವಿಶೇಷ ಸಾಮರ್ಥ್ಯವೂ ಇಲ್ಲದವನು ಬರೀ ಅದೃಷ್ಟದಿಂದ 20ರಲ್ಲಿ 5 ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ಶೇ. 4ಕ್ಕಿಂತ ಸ್ವಲ್ಪ ಮೇಲೆ. ಕಮ್ಮಿ ಅನ್ನಿಸುತ್ತದೆ. ಆದರೆ 50 ಟ್ರೇನರ್‌ಗಳಿದ್ದರೆ ಅವರಲ್ಲಿ ಸರಾಸರಿ ಇಬ್ಬರು ಏನೂ ಹೊಸದು ಮಾಡದೆಯೇ ಹೀಗೆ ಹೊಳೆಯುತ್ತಾರೆ. ನಮ್ಮ ಕಣ್ಣು ನೇರ ಹೋಗಿ ಬೀಳುವುದು ಆ ಇಬ್ಬರ ಮೇಲೆಯೇ.

ಇದಕ್ಕೆ ನಾನು ಬಳಸುವ ಮದ್ದು ಸರಳ. ಯಾರದೇ ಲೆಕ್ಕ ಇರಲಿ, ಅದಕ್ಕೆ 20 ಸಾಧಾರಣ ಓಟ, 2 ಸಾಧಾರಣ ಗೆಲುವು ಸೇರಿಸಿಬಿಡುತ್ತೇನೆ. 20ಕ್ಕೆ 5 ಇದ್ದದ್ದು 40ಕ್ಕೆ 7 ಆಗುತ್ತದೆ, ಶೇ. 25 ಇಳಿದು 17.5. ಅದೇ 200 ಓಟಕ್ಕೆ 50 ಗೆದ್ದವನಿಗೆ ಸೇರಿಸಿದರೆ 220ಕ್ಕೆ 52, ಶೇ. 23.6. ಹೆಚ್ಚು ಓಡಿಸಿ ತೋರಿಸಿದವನು ಅಲ್ಲಾಡುವುದಿಲ್ಲ, ಮೂರು ವಾರದ ಹೀರೋ ಕೆಳಗಿಳಿಯುತ್ತಾನೆ.

ತಿರುಗುಮುರುಗಾಗಿಯೂ ನೋಡಿ. ಶೇ. 20ರಷ್ಟು ಗೆಲ್ಲಿಸುವ ನಿಜವಾದ ಒಳ್ಳೆಯ ಟ್ರೇನರ್‌ನ ಮುಂದಿನ ಹತ್ತು ಕುದುರೆಗಳೂ ಸೋಲುವ ಸಾಧ್ಯತೆ ಶೇ. 10.7. "ಅವನು ಔಟ್ ಆಫ್ ಫಾರ್ಮ್" ಎಂದು ಜನ ಕೈಬಿಡುವ ಹೊತ್ತಿನಲ್ಲಿ ಆ ಲಾಯದಲ್ಲಿ ಏನೂ ಬದಲಾಗಿರದೆ ಇರಬಹುದು.

ಮೂರನೆಯದು: ಅಭ್ಯಾಸ ಹುಡುಕಿ

ನೋಟ್‌ಬುಕ್ಕಿನ ರುಚಿ ಇರುವುದು ಇಲ್ಲಿ. ಒಟ್ಟು ಶೇಕಡಾವಾರು ಟ್ರೇನರ್ ಎಂಥ ಕುದುರೆಗಳನ್ನು ಇಟ್ಟುಕೊಂಡಿದ್ದಾನೆ ಅನ್ನುವುದನ್ನೇ ಹೆಚ್ಚು ಹೇಳುತ್ತದೆ. ಬೆಂಗಳೂರಿನ ಎಸ್. ಪದ್ಮನಾಭನ್ ಅವರಂಥ, ಅಥವಾ ಜಾಕಿಯಾಗಿ ಹೆಸರು ಮಾಡಿ ಆಮೇಲೆ ಟ್ರೇನರ್ ಆದ ಪೆಸಿ ಶ್ರಾಫ್ ಅವರಂಥ ದೊಡ್ಡ ಲಾಯಗಳಿಗೆ ಒಳ್ಳೆಯ ತಳಿಯ ಕುದುರೆ ಬರುತ್ತವೆ, ಗೆಲ್ಲುತ್ತವೆ. ಅದು ಎಲ್ಲರಿಗೂ ಗೊತ್ತು, ದರದಲ್ಲೂ ಸೇರಿರುತ್ತದೆ. ಒಬ್ಬ ಟ್ರೇನರ್ ಯಾವ ಸಂದರ್ಭದಲ್ಲಿ ತನ್ನದೇ ಸರಾಸರಿಯನ್ನು ಮೀರುತ್ತಾನೆ ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿರುವುದಿಲ್ಲ.

ವಿಶ್ರಾಂತಿಯ ನಂತರದ ಓಟದಿಂದ ಶುರು ಮಾಡಿ. ಕೆಲವರು ಬೆಳಗಿನ ಟ್ರ್ಯಾಕ್ ವರ್ಕ್‌ನಲ್ಲೇ ಕುದುರೆಯನ್ನು ಪೂರ್ತಿ ಹದ ಮಾಡಿ ತರುತ್ತಾರೆ, ಬಂದ ಮೊದಲ ಓಟದಲ್ಲೇ ಗೆಲ್ಲಿಸುತ್ತಾರೆ. ಇನ್ನು ಕೆಲವರ ಕುದುರೆಗೆ ಹದ ಬರುವುದು ಓಡಿದ ಮೇಲೆಯೇ, ಎರಡನೇ ಅಥವಾ ಮೂರನೇ ಓಟಕ್ಕೆ. ಮೂರು ಕಲಂ ಮಾಡಿ: 1ನೇ ಓಟ, 2ನೇ ಓಟ, 3ನೇ ಓಟ. ಒಂದು ಎಚ್ಚರ. ಬೆಂಗಳೂರಿನಲ್ಲಿ ಚಳಿಗಾಲದ ಸೀಸನ್‌ಗೂ ಬೇಸಿಗೆ ಸೀಸನ್‌ಗೂ ನಡುವೆ ಬಿಡುವಿದೆ. ಸೀಸನ್ ಶುರುವಿನ ವಾರಗಳಲ್ಲಿ ಹೆಚ್ಚಿನ ಕುದುರೆಗಳು ವಿಶ್ರಾಂತಿಯಿಂದಲೇ ಬಂದಿರುತ್ತವೆ. ಆಗಿನ "1ನೇ ಓಟ" ಬೇರೆ, ಸೀಸನ್ ನಡುವೆ ಹದವಾಗಿ ಓಡುತ್ತಿರುವ ಹತ್ತು ಕುದುರೆಗಳ ಮಧ್ಯೆ ಒಂದೇ ಒಂದು ವಿಶ್ರಾಂತಿಯಿಂದ ಬರುವುದು ಬೇರೆ. ಎರಡನ್ನೂ ಒಂದೇ ಕಲಂಗೆ ತುಂಬಬೇಡಿ.

ಎರಡನೇ ಅಭ್ಯಾಸ ನನಗೆ ಅತ್ಯಂತ ಇಷ್ಟವಾದದ್ದು: ರೇಟಿಂಗ್ ಗಡಿಯಲ್ಲಿ ಟ್ರೇನರ್ ಮಾಡುವ ಆಯ್ಕೆ. ಹ್ಯಾಂಡಿಕ್ಯಾಪ್ ರೇಸುಗಳಲ್ಲಿ, ಅಂದರೆ ಹೆಚ್ಚು ರೇಟಿಂಗ್ (ಸಾಮರ್ಥ್ಯಕ್ಕೆ ಕೊಟ್ಟ ಅಂಕ) ಇರುವ ಕುದುರೆಗೆ ಹೆಚ್ಚು ತೂಕ ಹೊರಿಸುವ ರೇಸುಗಳಲ್ಲಿ, "20 ರಿಂದ 45", "40 ರಿಂದ 65" ಎಂದು ಪಟ್ಟಿಗಳಿರುವುದನ್ನು ನೋಡಿರುತ್ತೀರಿ. ರೇಟಿಂಗಿನ ಒಂದು ಅಂಕಕ್ಕೆ ಅರ್ಧ ಕಿಲೋ ತೂಕ. ಈಗ 44 ರೇಟಿಂಗ್ ಇರುವ ಕುದುರೆ ಎರಡೂ ಕಡೆ ಸಲ್ಲುತ್ತದೆ. ಕೆಳಗಿನ ರೇಸಿಗೆ ಹಾಕಿದರೆ ಎದುರಾಳಿಗಳು ಹಗುರ, ಆದರೆ ಇದರ ಬೆನ್ನ ಮೇಲೆ ಹೆಚ್ಚುಕಡಿಮೆ ಅತಿ ಹೆಚ್ಚಿನ ತೂಕ. ಮೇಲಿನ ರೇಸಿಗೆ ಹಾಕಿದರೆ 65ರ ಕುದುರೆಗಿಂತ ಹತ್ತೂವರೆ ಕಿಲೋ ಕಮ್ಮಿ ಹೊತ್ತು ಓಡಬಹುದು, ಆದರೆ ಎದುರಾಳಿಗಳು ಗಟ್ಟಿ. ಕುದುರೆಯ ಬಗ್ಗೆ ತನಗೇನು ಅನ್ನಿಸಿದೆ ಅನ್ನುವುದನ್ನು ಟ್ರೇನರ್ ಬಾಯಿಬಿಟ್ಟು ಹೇಳದಿದ್ದರೂ ಈ ಆಯ್ಕೆ ಹೇಳಿಬಿಡುತ್ತದೆ. ದೊಡ್ಡ ಮೈಕಟ್ಟಿನ, ತೂಕ ತಾಳುವ ಕುದುರೆಯನ್ನು ಕೆಳಗಿನ ರೇಸಿಗೆ ಇಳಿಸಿ ಗೆಲ್ಲಿಸುವುದು ಒಂದು ಜಾಣ್ಮೆ, ಸುಧಾರಿಸುತ್ತಿರುವ ಎಳೆಯ ಕುದುರೆಯನ್ನು ಹಗುರ ತೂಕದಲ್ಲಿ ಮೇಲೆ ಕಳಿಸುವುದು ಇನ್ನೊಂದು. ಯಾರು ಯಾವುದರಲ್ಲಿ ಗೆಲ್ಲುತ್ತಾರೆ ಅನ್ನುವುದಕ್ಕೆ ಒಂದು ಪುಟ ಮೀಸಲಿಡಿ.

ಚೊಚ್ಚಲ ಓಟದ ಕುದುರೆಗಳಿಗೆ ಹಳೆಯ ಫಾರ್ಮ್ ಇರುವುದಿಲ್ಲ, ಪತ್ರಿಕೆಯಲ್ಲಿ ಬರುವ ಟ್ರ್ಯಾಕ್ ವರ್ಕ್ ಮತ್ತು ಮಾಕ್ ರೇಸ್ (ಅಭ್ಯಾಸದ ರೇಸ್) ವರದಿಯೇ ಗತಿ. "600 ಮೀ. 44 ಸೆಕೆಂಡ್, ಸರಾಗವಾಗಿ ಓಡಿತು" ಎಂದಿದ್ದರೆ ಅದು ಒಳ್ಳೆಯದೋ ಸಾಧಾರಣವೋ? ಟ್ರೇನರ್ ಯಾರೆಂದು ನೋಡದೆ ಉತ್ತರವಿಲ್ಲ. ಬೆಳಿಗ್ಗೆ ಎಂದೂ ಕುದುರೆಯನ್ನು ಬಿಗಿಯಾಗಿ ಓಡಿಸದವನ ಲಾಯದಿಂದ ಬಂದ ವೇಗದ ಸಮಯಕ್ಕೆ ಬೆಲೆ ಇದೆ, ಪ್ರತಿ ಕುದುರೆಯನ್ನೂ ಹಾಗೆಯೇ ಓಡಿಸುವವನದಕ್ಕೆ ಅಷ್ಟಿಲ್ಲ.

ಜಾಕಿ ಬದಲಾವಣೆ, ಲಾಯ ಬದಲಾದ ಮೇಲಿನ ಮೊದಲ ಓಟ, ಮೊದಲ ಸಲ ಬ್ಲಿಂಕರ್ಸ್, ಒಂದೇ ಟ್ರೇನರ್‌ನ ಎರಡು ಕುದುರೆ ಒಂದೇ ರೇಸಿನಲ್ಲಿದ್ದಾಗ ಅವನ ಕಾಯಂ ಜಾಕಿ ಯಾವುದರ ಮೇಲೆ ಕೂತ, ಇವಕ್ಕೆಲ್ಲ ಸಾಲಿನ ಕೊನೆಯಲ್ಲಿ ಒಂದೊಂದು ಅಕ್ಷರದ ಗುರುತು ಸಾಕು.

ಮೈದಾನಗಳ ಲೆಕ್ಕ ಮಾತ್ರ ಬೇರೆ ಬೇರೆ ಇರಲಿ. ಊಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ, ಗಾಳಿ ತೆಳು. ಅಲ್ಲಿನ ಅಂಕಿಗಳನ್ನು ಬೆಂಗಳೂರಿಗೆ ತಂದು ಹಾಕಿದವರು ಮೋಸಹೋಗಿದ್ದಾರೆ. 2024ರ ಜೂನ್‌ನಲ್ಲಿ ಊಟಿ ಮೈದಾನದ ಜಾಗವನ್ನು ತಮಿಳುನಾಡು ಸರ್ಕಾರ ವಶಕ್ಕೆ ಪಡೆಯಿತು. ನೀಲಗಿರಿಯ ಗೆಳೆಯರ ಹಳೆಯ ನೋಟ್‌ಬುಕ್‌ಗಳಲ್ಲಿ ಅಲ್ಲಿನ ಬೇಸಿಗೆ ರೇಸುಗಳು ಹಾಗೇ ಕೂತಿವೆ, ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಹೀಗೆ ಸೀಳುತ್ತಾ ಹೋದರೆ ಒಂದು ಅಪಾಯ ಉಂಟು. 120 ಓಟವನ್ನು ದೂರ, ಕ್ಲಾಸ್, ಜಾಕಿ ಎಂದು ಸೀಳಿದರೆ ಕೊನೆಗೆ "5ರಲ್ಲಿ 3" ಅನ್ನುವ ಚಂದದ ಸಂಖ್ಯೆ ಸಿಗುತ್ತದೆ, ಅದರಲ್ಲಿ ಏನೂ ಇರುವುದಿಲ್ಲ. 30 ಓಟಕ್ಕಿಂತ ಕಮ್ಮಿ ಇರುವುದನ್ನು ನಾನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, 30 ದಾಟಿದ ಮೇಲೆಯೇ ಪೆನ್ನು.

ನಾಲ್ಕನೆಯದು: ದರದ ಮುಂದೆ ನಿಲ್ಲಿಸಿ

ದರವನ್ನು ಶೇಕಡಾಗೆ ಇಳಿಸುವುದು ಸುಲಭ. 4ಕ್ಕೆ 1 ಅಂದರೆ 1 ರೂಪಾಯಿಗೆ 4 ಲಾಭ, ಹಾಕಿದ್ದೂ ಸೇರಿ 5. 1ನ್ನು ಆ 5ರಿಂದ ಭಾಗಿಸಿ, ಶೇ. 20. ಪ್ರತಿ ಸಾಲಿಗೂ ಇದನ್ನು ಬರೆದು ಕೂಡಿಸಿ. ಒಬ್ಬನ 30 ಓಟಗಳ ದರದ ಮೊತ್ತ 6.2, ನಿಜವಾಗಿ ಗೆದ್ದದ್ದು 6 ಎಂದಾದರೆ ಅವನು ಒಳ್ಳೆಯ ಟ್ರೇನರ್ ಹೌದು, ಆದರೆ ಅದು ಊರಿಗೆಲ್ಲ ಗೊತ್ತು. ಮೊತ್ತ 3, ಗೆದ್ದದ್ದು 6 ಆದರೆ ಆ ಪುಟದ ಮೂಲೆ ಮಡಚಿ.

ದುಡ್ಡಿನ ಮಾತನ್ನು ಇಲ್ಲಿ ನೇರವಾಗಿ ಹೇಳಬೇಕು. 2023ರ ಅಕ್ಟೋಬರ್ 1ರಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. 100 ರೂಪಾಯಿ ಪಣಕ್ಕೆ ತೆರಿಗೆ ಸೇರಿ ಕೈಯಿಂದ 140 ಹೋಗುತ್ತದೆ ಎಂದಿಟ್ಟುಕೊಳ್ಳಿ. 4ಕ್ಕೆ 1ರ ದರದಲ್ಲಿ ಗೆದ್ದರೆ ಬರುವುದು 500. ಹಾಕಿದ್ದು ಹಿಂದೆ ಬರಲಿಕ್ಕೇ ಕುದುರೆ ಶೇ. 28ರಷ್ಟು ಸಲ ಗೆಲ್ಲಬೇಕು, ದರ ಹೇಳುತ್ತಿರುವುದು 20. ಈ ಅಂತರವನ್ನು ಸೀಸನ್ ಪೂರ್ತಿ ದಾಟುವ ಟ್ರೇನರ್ ಪುಟ ನನ್ನ ನೋಟ್‌ಬುಕ್ಕಿನಲ್ಲಿ ಇದುವರೆಗೂ ಇಲ್ಲ. ಆದ್ದರಿಂದ ನಾನು ಈಗ ತಿಂಗಳಿಗೆ ಒಂದು ಸಿನಿಮಾ, ಒಂದು ಹೋಟೆಲ್ ಊಟಕ್ಕೆ ಆಗುವಷ್ಟು ಮಾತ್ರ ಕ್ಲಬ್ಬಿನ ಕೌಂಟರಿನಲ್ಲಿ ಹಾಕುತ್ತೇನೆ. ಮನೆ ಖರ್ಚಿನ, ಸಾಲದ ದುಡ್ಡು ಅಲ್ಲಿಗೆ ಬರುವುದಿಲ್ಲ. ಮೈದಾನದ ಹೊರಗೆ ಫೋನಿನಲ್ಲಿ ಪಣ ಹಿಡಿಯುವವರ ಹತ್ತಿರ ಹೋಗಬೇಡಿ, ಅದು ಅಪರಾಧ. ನಮ್ಮ ಬೀದಿಯಲ್ಲೇ ಒಂದು ಮನೆ ಅದರಿಂದ ಸೈಟು ಮಾರಿಕೊಂಡಿದೆ.

ರೇಸಿನ ದಿನ

ಹಿಂದಿನ ರಾತ್ರಿಯೇ ಪುಸ್ತಕದ ಪಕ್ಕ ನೋಟ್‌ಬುಕ್ ಇಟ್ಟು, ಹೊಂದುವ ಅಭ್ಯಾಸ ಇರುವ ಕುದುರೆಗೆ ಮಾತ್ರ ಗುರುತು ಹಾಕಿ. ಎಷ್ಟೋ ದಿನ ಒಂದೂ ಸಿಗುವುದಿಲ್ಲ. ಪ್ಯಾಡಕ್‌ನಲ್ಲಿ ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವಾಗ ಆ ಕುದುರೆಯನ್ನು ಎರಡು ಸುತ್ತು ನೋಡಿ: ಮೈ ಹೊಳಪು, ನಡಿಗೆ ಸಡಿಲವೋ ಬಿಗಿಯೋ, ಕುತ್ತಿಗೆಯಲ್ಲಿ, ತೊಡೆಸಂದಿಯಲ್ಲಿ ನೊರೆ ಬೆವರು ಇದೆಯೋ. ಅಂಕಿ ಹೇಳಿದ್ದನ್ನು ಕಣ್ಣು ಒಪ್ಪದಿದ್ದರೆ ಕಣ್ಣಿನ ಮಾತು ಕೇಳಿ, ಹಾಗೆ ಬಿಟ್ಟದ್ದನ್ನೂ ಬರೆದಿಡಿ.

ಸಂಜೆ ಬಸ್ಸಿನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ನಿಂತೇ ಇರುತ್ತದೆ. ಆ ದಿನದ ಸಾಲುಗಳನ್ನು ನಾನು ತುಂಬುವುದು ಅಲ್ಲೇ, ಮೊದಲು ಸೋತವು. ಸೀಸನ್ ಮುಗಿದ ಮೇಲೆ ಹಳೆಯ ಪುಟ ಹರಿಯಬೇಡಿ. ಹೊಸ ಸೀಸನ್‌ನಲ್ಲಿ ಹಳೆಯ ಓಟ ಎರಡನ್ನು ಒಂದು ಎಂದು ಎಣಿಸಿ, ಗೆಲುವನ್ನೂ ಹಾಗೆಯೇ ಅರ್ಧ ಮಾಡಿ ಮುಂದುವರಿಸಿ. ಲಾಯಕ್ಕೆ ಹೊಸ ಕುದುರೆ, ಹೊಸ ಸಹಾಯಕರು ಬಂದಿರುತ್ತಾರೆ, ಟ್ರೇನರ್‌ನ ಅಭ್ಯಾಸ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ.